ಒಂಬತ್ತನೇ ಸಾಲಿನ ಗಿಡ

ಹೆಲ್ವಿ ಮುದುಕಿಯ ಫ್ರೀಜರಿನಲ್ಲಿ
ಕೆರೆಯ ಮೀನಿಗೂ ಕಾಡಿನ ಹಳದಿ ಹಣ್ಣಿಗೂ ನಡುವೆ
ಒಂದು ಮಾತ್ರೆಯ ಡಬ್ಬಿ.
ಅದರಲ್ಲಿ ಕಳೆದ ವರ್ಷದ ಪರಾಗ,
ದಕ್ಷಿಣದ ಕೆಂಪು,
ಇಲ್ಲಿಯ ಚಳಿಗೆ ಒಂದು ರಾತ್ರಿಯೂ ತಾಳದ್ದು.
ಜೂನ್ ಬಂತೆಂದರೆ ಚಿಮಟದಲ್ಲಿ ಹಿಡಿದು
ಬಿಳಿಚಿಕೊಂಡ ಗಟ್ಟಿಗಿತ್ತಿ ರೋಡೊಡೆಂಡ್ರಾನಿನ
ತುದಿನಾಲಗೆಗೆ ಸವರುವಳು:
"ಮೈ ತಾಯಿಯದಾಗಲಿ, ಬಣ್ಣ ತಂದೆಯದಾಗಲಿ.
ತಿರುವುಮುರುವಾದರೆ ಒಲೆಗೆ."

ಬೀಜವೋ, ನಶ್ಯ.
ಸೀನಿದರೆ ಒಂದು ವಂಶ ಹೋಯಿತು.
ಬಿತ್ತುವಾಗ ಉಸಿರು ಬಿಗಿಹಿಡಿಯುತ್ತಿದ್ದಳು,
ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದಳು.
ಏಳು ವರ್ಷ ಬೇಕು ಮೊದಲ ಮೊಗ್ಗಿಗೆ.

ನಾನು ಟ್ರ್ಯಾಕ್ಟರಿನವನು.
ಕಾಯಾನಿಯಾಚೆಯ ಆ ದಾರಿಯಲ್ಲಿ ಹಿಮ ತಳ್ಳುವವನು.
ಕೂಲಿಗೆ ಕಾಫಿ, ಏಲಕ್ಕಿ ಹಾಕಿದ ಬನ್ನು,
ಹುಣ್ಣಿಮೆಗೋ ಅಮಾವಾಸ್ಯೆಗೋ ಒಮ್ಮೆ ಹಣ.
ಅವಳದು ಒಂದೇ ಕಟ್ಟಪ್ಪಣೆ:
ಹಿಮವನ್ನು ಸಾಲುಗಳತ್ತ ತಳ್ಳಕೂಡದು.
ಬಿದ್ದಷ್ಟು ಬೀಳಲಿ,
ಹೊದಿಸುವ ಕೈ ನಮ್ಮದಾಗಬಾರದು.
"ಆರಿಸುವವಳು ನಾನಲ್ಲ, ಜನವರಿ."

ಮೇ ತಿಂಗಳಲ್ಲಿ ಅವಳ ಹೆಬ್ಬೆರಳ ಉಗುರು
ತೊಗಟೆ ಗೀರುತ್ತ ಗೀರುತ್ತ ಹೋಗುತ್ತಿತ್ತು.
ಹಸಿರು. ಕಂದು. ಕಂದು. ಕಂದು.
ಕಂದನ್ನೆಲ್ಲ ಸೌನಾದ ಒಲೆಗೆ ಹೊತ್ತವನು ನಾನೇ.
ಏಳು ವರ್ಷ ಸಾಕಿದ್ದು
ಏಳು ನಿಮಿಷ ಉರಿಯುತ್ತಿತ್ತು.

ಆ ರಾತ್ರಿ ಮೈನಸ್ ಮೂವತ್ತಾರು.
ಟ್ರ್ಯಾಕ್ಟರಿನ ದೀಪಕ್ಕೆ ಸಿಕ್ಕಿತು
ಒಂಬತ್ತನೇ ಸಾಲಿನ ಕೊನೆಯ ಗಿಡ.
ಎಲೆಗಳನ್ನೆಲ್ಲ ಚುಟ್ಟಾದಂತೆ ಸುರುಳಿ ಸುತ್ತಿ
ಜೋತು ಹಾಕಿಕೊಂಡು ನಿಂತಿತ್ತು,
ನೆತ್ತಿಯಲ್ಲಿ ಒಂದು ಕೊಬ್ಬಿದ ಮೊಗ್ಗು.
ಏನನ್ನಿಸಿತೋ.
ಹಿಡಿ ಎಳೆದೆ. ಅಲಗು ಹೊರಳಿತು.
ಒಂದು ಹೊರೆ ಹಿಮ,
ಎರಡು ಗಳಿಗೆಯೂ ಹಿಡಿಯದ ಕೆಲಸ.

ಜೂನಿನಲ್ಲಿ ಅರಳಿತು.
ಕೆಂಪೆಂದರೆ, ಆಗಷ್ಟೇ ಕೊಯ್ದ ಬೀಟ್‌ರೂಟು.
ಅಕ್ಕಪಕ್ಕದವೆಲ್ಲ ಮೊಣಕಾಲ ಮಟ್ಟ,
ಹಿಮ ತಾನಾಗಿ ಬಿದ್ದಷ್ಟೆತ್ತರ ಮಾತ್ರ ಹೂಬಿಟ್ಟು
ಅದರ ಮೇಲೆ ಬರೀ ಕರಿಕಡ್ಡಿ.
ಇದೊಂದು ನೆತ್ತಿಯ ತನಕ.
"ಅಂತೂ ಸಿಕ್ಕಿತಲ್ಲ" ಅಂದೆ, ಟೋಪಿ ತೆಗೆದು.

ಹೆಲ್ವಿ ಹೂವು ನೋಡಿದಳು.
ಪಕ್ಕದ ಕಡ್ಡಿ ನೋಡಿದಳು.
ದಾರಿಗೂ ಸಾಲಿಗೂ ಇರುವ ದೂರವನ್ನು ಕಣ್ಣಲ್ಲೇ ಅಳೆದಳು.
"ನಿನ್ನ ಅಲಗಿನ ಎತ್ತರ ಎಷ್ಟು?"

ಬೈಯಲಿಲ್ಲ.
ನೋಟ್‌ಬುಕ್ಕಿನಲ್ಲಿ ಆ ಅಂಕಿಯ ಮೇಲೆ ಒಂದು ಗೀಟು.
ಸೆಪ್ಟೆಂಬರಿನಲ್ಲಿ ಬೇರುಮಣ್ಣು ಸಮೇತ ಕಿತ್ತು
ಗೋಣಿಯಲ್ಲಿ ಕಟ್ಟಿ ನನ್ನ ಗಾಡಿಗೇ ಏರಿಸಿದಳು.
"ಇದಕ್ಕೆ ಚಳಿ ಗೊತ್ತಿಲ್ಲ, ನೀನು ಗೊತ್ತು.
ಇನ್ನು ನೀನೇ ನೋಡಿಕೋ."

ಅವಳ ಬಿಳಿಚು ಹೂವೊಂದು ಈಗ
ಉತ್ತರದ ಊರೂರ ಬೇಲಿಗಳಲ್ಲಿದೆ,
ಯಾರೂ ಹೊದಿಸುವುದಿಲ್ಲ.
ಅವಳು ಹೋಗಿ ಹನ್ನೊಂದು ಚಳಿಗಾಲ.
ಟ್ರ್ಯಾಕ್ಟರು ಮಾರಿದ್ದಾಯಿತು. ಸೊಂಟ ಹಿಡಿದಿದೆ.
ಮೈನಸ್ ಮೂವತ್ತು ದಾಟಿದ ರಾತ್ರಿ
ಹೆಂಡತಿ ಗೊಣಗುವ ಮೊದಲೇ ಎದ್ದು
ಬೂಟು ಹುಡುಕುತ್ತೇನೆ,
ಸಲಿಕೆ ಹುಡುಕುತ್ತೇನೆ.