ಒಳಗ ಬಿಟ್ಟ ಇಂಚು

ಹುಬ್ಬಳ್ಳಿಯಿಂದ ಹೈದರಾಬಾದಿಗೆ
ಗಾಳಿದಾರಿಲೆ ನಾನೂರಾ ಹತ್ತು ಕಿಲೋಮೀಟರ,
ಒಂದು ತಾಸು ಇಪ್ಪತ್ತು ನಿಮಿಷ.
ಹೆಬಸೂರ ಸಾವಕಾರ್ರು ಫೋನಿನ್ಯಾಗ
ಅಳತಿ ಹೇಳಿದಂಗ ಹೇಳಿದರು.
ನಾನೂ ರೂಢಿಗೆ ಅಳತಿ ಬುಕ್ಕಿನ್ಯಾಗಽ ಬರಕೊಂಡೆ,
ತೋಳು ಹನ್ನೊಂದೂವರಿ, ಅದರ ಕೆಳಗ.

ತಪ್ಪು ನಂದಽ.
ನಾಳೆ ಮದುವಿ, ನಿವೇದಿತಾಗ ನನ್ನ ಜಂಪರಿನ ತೋಳು ಏರವಲ್ದು.
ಅಲ್ಲೇನು ಟೇಲರ್ ಇಲ್ಲೇನ್ರಿ?
ಬೇಕಾದಷ್ಟು ಅದಾರ. ಆಕಿಗೆ ನೀವಽ ಬೇಕಂತ, ಸುಮಿತ್ರಕ್ಕಾರ,
ಟಿಕೀಟು ಕಳಿಸೇನಿ.

ಗೋಡಿಗೆ ಬ್ಯಾಂಕಿನವರು ಕೊಟ್ಟ ನಕಾಶಿ ಐತಿ.
ಟೇಪು ಹಿಡಿದು ನೋಡಿದೆ,
ಎರಡೂ ಊರಿನ ನಡುವ ಮೂರು ಇಂಚು.
ಒಂದು ಕಾಲರ್ ಪಟ್ಟಿ.
ಇಷ್ಟಕ್ಕ ಒಂಬತ್ತು ಸಾವಿರ?

ದಾಜಿಬಾನ ಪೇಟಿಂದ ಗೋಕುಲ ರೋಡಿಗೆ
ಮಕ್ತುಂಸಾಬನ ಆಟೋದಾಗ ನಲವತ್ತೈದು ನಿಮಿಷ,
ಚನ್ನಮ್ಮ ಸರ್ಕಲ್ಲಿನಾಗ ನಿಂತಿದ್ದಽ ಇಪ್ಪತ್ತು.
ಆ ಲೆಕ್ಕ ಟಿಕೀಟಿನ ಮ್ಯಾಲ ಎಲ್ಲೂ ಇಲ್ಲ.

ಪೊಲೀಸ ಹುಡುಗಿ ಚೀಲ ತಗಸಿ
ನನ್ನ ಹತ್ತು ಇಂಚಿನ ಕತ್ತರಿ ಎತ್ತಿ ಹಿಡಿದಳು,
ಸತ್ತ ಹಾವು ಹಿಡಿದಂಗ.
ಇದನ್ನ ಒಯ್ಯಂಗಿಲ್ರಿ.
ತಂಗೀ, ನಮ್ಮಪ್ಪನ ಕತ್ತರಿ ಇದು,
ಮುಗಿಲು ಕತ್ತರಿಸಾಕ ಒಯ್ಯಾಕತ್ತಿಲ್ಲ ಅಂದೆ.
ಆಕಿ ನಗಲಿಲ್ಲ. ಆಮ್ಯಾಲ ಒಂದೀಟು ನಕ್ಕಳು.
ಮಕ್ತುಂಸಾಬ ಹೊರಗ ಇನ್ನೂ ಚಾ ಕುಡಿಯಾಕತ್ತಿದ್ದ,
ಓಡಿ ಹೋಗಿ ಅವನ ಕೈಯಾಗ ಕೊಟ್ಟು ಬಂದೆ.

ವಿಮಾನ ಏಳುವಾಗ
ನನ್ನ ಬಲಗಾಲು ತನ್ನಷ್ಟಕ್ಕ ಪೆಡಲ್ ಒತ್ತತಿತ್ತು.
ಉಣಕಲ್ ಕೆರಿ ಗುಂಡಿಯಷ್ಟಾತು.
ಎರಿ ಹೊಲ ಥಾನು ಬಿಚ್ಚಿ ಹಾಸಿದಂಗ,
ಬದುಗಳು ಕಚ್ಚಾ ಹೊಲಿಗಿ, ಒಂದೂ ನೆಟ್ಟಗಿಲ್ಲ,
ಯಾರೋ ಕಲಿಯೋ ಹುಡುಗರು ಹಾಕಿದ್ದು.
ಮತ್ತ ಎಲ್ಲಾ ಬಿಳೇದು. ಅಸ್ತರು.
ಜಗತ್ತನ್ನ ಉಲ್ಟಾ ಮಾಡಿ ಹಿಡಿದರೋ ಏನೋ.

ಕಿವಿ ಮುಚ್ಚಿದ್ದುವು.
ಒಂದು ತಾಸು ಇಪ್ಪತ್ತು ನಿಮಿಷ ಅಂದ್ರ ನನಗ
ಅಸ್ತರಿಲ್ಲದ ಒಂದು ಜಂಪರ, ಹುಕ್ಕ ಬಿಟ್ಟು.
ಮೂವತ್ತೊಂದು ವರ್ಷದಾಗ ಮೊದಲನೇ ಸಲ
ಆ ಒಂದು ಜಂಪರ ನಾ ಹೊಲಿಯಲಿಲ್ಲ.
ಕೈ ಎರಡೂ ಉಡಿಯಾಗ ಕುಂತಿದ್ದುವು,
ಬೀಗರ ಮನಿಗೆ ಬಂದ ಮುದುಕಿಯರಂಗ.

ಇಳಿದ ಮ್ಯಾಲ ಮತ್ತ ಎರಡು ತಾಸು ಕಾರು.
ಛತ್ರದ ಮ್ಯಾಲಿನ ಖೋಲಿ. ಎಲ್ಲಾರನ್ನೂ ಹೊರಗ ಹಾಕಿ
ನಿವೇದಿತಾ ಚಿಲಕ ಹಾಕಿದಳು.

ಎಡರಟ್ಟಿ ಮ್ಯಾಲ ಆಕಿಗೊಂದು ಸುಟ್ಟ ಕಲೆ ಐತಿ.
ಹತ್ತು ವರ್ಷದಾಕಿ ಇದ್ದಾಗಿಂದ ನಾ ಹೊಲೀತೇನಿ,
ಅದು ಎಲ್ಲಿ ಮುಗೀತೈತಿ ಅನ್ನೋದು ನನ್ನ ಟೇಪಿಗೆ ಗೊತ್ತು.
ಬ್ಯಾರೇದವರು ಕೇಳ್ತಾರ, ಹೆಂಗ ಆತು ಅಂತ.
ನಾ ಎಂದೂ ಕೇಳಿಲ್ಲ.
ಈಗೂ ಕೇಳಲಿಲ್ಲ.

ಒಳಗ ಒಂದು ಇಂಚು ಬಿಡಬೇಕು ಅಂತಿದ್ದ ನಮ್ಮಪ್ಪ,
ಮೈ ಹೇಳಿ ಕೇಳಿ ಬದಲಾಗೂದಿಲ್ಲ.
ಬಿಟ್ಟಿದ್ದೆ.
ಹೊಲಿಗಿ ಬಿಚ್ಚಿದೆ, ಹಲ್ಲಿಲೆ ದಾರ ಕಡದೆ,
ಸೂಜಿಲೆ ಮತ್ತ ಹಾಕಿದೆ.
ಹದಿನೆಂಟು ನಿಮಿಷ.
ತೋಳು ಇಳೀತು, ಕಲೆ ಮುಚ್ಚಿತು,
ಆಕಿ ಕನ್ನಡಿ ನೋಡಲಿಲ್ಲ, ನನ್ನನ್ನಽ ನೋಡಿದಳು.

ವಾಪಸ್ ವಿಮಾನ ಒಂದು ತಾಸು ತಡ.
ಅವರೂ ಒಳಗ ಬಿಟ್ಟಿರತಾರ, ಹೇಳೂದಿಲ್ಲ ಅಷ್ಟಽ.

ಮಕ್ತುಂಸಾಬ ಕತ್ತರಿ ಕೊಟ್ಟ, ಕಣ್ಣು ತಪ್ಪಿಸಿ.
ಸೀಟಿನ ರೆಕ್ಸಿನ್ ಕತ್ತರಿಸಿ ಮೊಂಡ ಮಾಡಿದ್ದ.
ಸಾಣಿಯವ ಬರೂದು ಸೋಮವಾರ.
ಇವತ್ತ ಗುರುವಾರ.
ಅದು ಎಷ್ಟು ದೂರ ಅಂತ
ಯಾರನ್ನ ಕೇಳಲಿ.