ಕೈ ತೋರಿಸಿದಲ್ಲಿ

ಇಪ್ಪತ್ತೆರಡು ವರ್ಷ ಈ ಹಲ್ಲುಗಳ ನಡುವೆಯೇ
ಸೀಟಿ ಕಚ್ಚಿ ಹಿಡಿದವನು ನಾನು.
ಒಂದು ಊದಿದರೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಕೊಟ್ಟಾರ ಚೌಕಿಯಲ್ಲಿ ಫುಟ್‌ಬೋರ್ಡಿನಿಂದ ಹಾರಿ
ಟೈಮಿಂಗಿನ ಜಗಳಕ್ಕೆ ಇನ್ನೊಂದು ಬಸ್ಸಿನವನ ಕಾಲರು ಹಿಡಿದವನು.
ಈಗ ಎಡದವಡೆಯ ಹಲ್ಲೊಂದು, ವಾರದಿಂದ,
ಒಳಗೊಳಗೇ ಸೀಟಿ ಊದುತ್ತಿದೆ.

ಕಂಕನಾಡಿ. ಬೇಕರಿಯ ಮೇಲಿನ ಮಹಡಿ.
ಮೆಟ್ಟಿಲು ಹತ್ತುವಾಗ ಖಾರ ಬಿಸ್ಕತ್ತಿನ ಪರಿಮಳ,
ಹತ್ತಿ ಮುಗಿದರೆ ಲವಂಗದೆಣ್ಣೆಯದು.
ಮೂರು ಸಲ ಬಂದು ಮೂರು ಸಲವೂ
ಚಪ್ಪಲಿ ಬಿಚ್ಚದೆ ಇಳಿದು ಹೋಗಿದ್ದೆ.
ಇವತ್ತು ಐರಿನ್ ಸಿಸ್ಟರು ಬಾಗಿಲಲ್ಲೇ ಹಿಡಿದರು:
"ಎಷ್ಟು ಟ್ರಿಪ್ಪು ಖಾಲಿ ಹೊಡೆಯುತ್ತೀರಿ ಮಾರಾಯ್ರೆ?"

ಡಾಕ್ಟರ್ ಮಿಸ್ರಿಯಾ. ನನ್ನ ಮಗಳ ಪ್ರಾಯ ಇರಬೇಕು.
ಬಾಯಿ ತೆರೆಯಿರಿ ಅನ್ನಲಿಲ್ಲ. ಕುರ್ಚಿ ಮಲಗಿಸಲಿಲ್ಲ.
"ಯಾವಾಗಿನಿಂದ ಈ ಹೆದರಿಕೆ?" ಅಂದರು.

ಎಂತ ಹೇಳುವುದು.
ಮೂಲ್ಕಿಯ ಒಂದು ಕೋಣೆ, ನನಗೆ ಎಂಟು ವರ್ಷ.
ಕಂಪೌಂಡರು ತಲೆ ಅದುಮಿ ಹಿಡಿದಿದ್ದ.
ವಾಸು ಮಾಮ ಕಾಲಿನ ಮೇಲೆ ಕೂತಿದ್ದರು;
ಅವರ ಬೆಲ್ಟಿನ ಬಕ್ಕಲು
ನಿನ್ನೆ ರಾತ್ರಿಯೂ ನನ್ನ ಮೊಣಕಾಲಿಗೆ ಒತ್ತಿತ್ತು.
ಒಂದು ಕೈ ಬಿಡುವಿತ್ತು. ಎತ್ತಿದ್ದೆ.
ಯಾರೂ ನೋಡಲಿಲ್ಲ.

ಡಾಕ್ಟರು ಬರೆದುಕೊಳ್ಳಲಿಲ್ಲ, ಕೇಳಿಸಿಕೊಂಡರು.
ಮಾತ್ರೆ ಉಂಟು ಅಂದರು, ರಾತ್ರಿಗೊಂದು, ಬರುವ ಮೊದಲೊಂದು;
ಹೆದರಿಕೆ ಅಲ್ಲೇ ಕೂತಿರುತ್ತದೆ, ತೂಕಡಿಸುತ್ತಾ.
ಜೊತೆಗೆ ಮನೆಯವರು ಬೇಕು, ಆ ದಿನ ಡ್ಯೂಟಿ ಬೇಡ.
ನರಕ್ಕೆ ಕೊಡುವ ಮದ್ದೂ ಉಂಟು. ಅದಕ್ಕೆ ಗುರುವಾರ
ಅರಿವಳಿಕೆಯ ಡಾಕ್ಟರು ಬರಬೇಕು, ಹೊಟ್ಟೆ ಖಾಲಿ ಇರಬೇಕು,
ಆಮೇಲೆ ಯಾವುದೂ ನೆನಪಿರುವುದಿಲ್ಲ.

ಮುಂಬೈ ಸ್ಲೀಪರಿನ ಹಾಗೆ, ಅಂದೆ.
ಕುಂದಾಪುರದಲ್ಲಿ ಮುಚ್ಚಿದ ಕಣ್ಣು ಪನ್ವೇಲಿನಲ್ಲಿ ತೆರೆಯುವುದು.
ಅವರು ನಕ್ಕರು. ನನಗೆ ನಗು ಬರಲಿಲ್ಲ.
ನಡುವಿನ ಊರುಗಳನ್ನು ಕೂಗದೆ
ಯಾವತ್ತೂ ಪ್ರಯಾಣ ಮಾಡಿದವನಲ್ಲ ನಾನು.

"ಹಾಗಾದರೆ ಮೂಗಿಗೆ ಗಾಳಿ ಕೊಡುವ.
ನಗಿಸುವ ಗಾಳಿ ಅಂತ ಹೆಸರು, ನಗಲೇಬೇಕು ಅಂತಿಲ್ಲ.
ನೋವಿಗೆ ಸೂಜಿ ಬೇರೆ ಉಂಟು.
ಇದು ಹಲ್ಲಿಗಲ್ಲ, ನಿಮಗೆ."
ಮತ್ತೆ, ಗ್ಲೌಸು ಹಾಕುತ್ತಾ, ಚಿಲ್ಲರೆ ಮಾತಿನಂತೆ:
"ಸಾಕು ಅನಿಸಿದರೆ ಎಡಗೈ ಎತ್ತಿ. ನಿಲ್ಲಿಸುತ್ತೇನೆ."

ನಿಲ್ಲಿಸುತ್ತಾರಂತೆ.

ಗುಲಾಬಿ ಮಾಸ್ಕು. ಐಸ್‌ಕ್ಯಾಂಡಿಯ ವಾಸನೆ.
ಕಾಲಿನ ಬೆರಳುಗಳು ಮೊದಲು ಇಳಿದು ಹೋದವು,
ಟಿಕೇಟು ತೆಗೆಯದವರ ಹಾಗೆ, ಸದ್ದಿಲ್ಲದೆ.
ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು ಐರಿನ್.
ಎಣಿಕೆ ಬರಲಿಲ್ಲ, ಊರು ಬಂತು.
ಕೂಳೂರು ಪಣಂಬೂರು ಬೈಕಂಪಾಡಿ ಸುರತ್ಕಲ್
ಮುಕ್ಕ
ಹಳೆಯಂಗಡಿ
ಮೂಲ್ಕಿಯಲ್ಲಿ ಆ ಕೋಣೆಯ ಬಾಗಿಲು ತೆರೆದೇ ಇತ್ತು.
ವಾಸು ಮಾಮ ಇದ್ದರು, ಬೆಲ್ಟೂ ಇತ್ತು,
ಸ್ಟಾಪಿನಲ್ಲಿ ಬೇರೆ ಬಸ್ಸಿಗೆ ಕಾಯುವವರ ಹಾಗೆ.
ನಮ್ಮದು ಮುಂದೆ ಹೋಯಿತು.

ಹೆಜಮಾಡಿ.
ಅಲ್ಲೊಬ್ಬಳು ಹೆಂಗಸು, ಸೊಂಟದಲ್ಲಿ ಮಗು,
ಕೈ ಎತ್ತಿದ್ದಾಳೆ. ಯಾವ ವರ್ಷವೋ.
ಎಕ್ಸ್‌ಪ್ರೆಸ್ಸು ಕೈ ತೋರಿಸಿದಲ್ಲಿ ನಿಲ್ಲುವುದಲ್ಲ,
ಹಿಂದಿನ ಬಸ್ಸಿಗೆ ಎರಡೇ ನಿಮಿಷ.
ಎರಡು ಸೀಟಿ ಊದಿದ್ದೆ.
ಕನ್ನಡಿಯಲ್ಲಿ ಆ ಕೈ ಸಣ್ಣದಾಯಿತು,
ಇಳಿಯಲಿಲ್ಲ.
ಎರ್ಮಾಳಿನಲ್ಲಿ ಇನ್ನೊಂದು. ಉಚ್ಚಿಲದಲ್ಲಿ
ಕೊಡೆ ಹಿಡಿದದ್ದು, ಶಾಲೆಯ ಪುಸ್ತಕ ಹಿಡಿದದ್ದು.

ನನ್ನ ಎಡಗೈ ಮೇಲಿದ್ದದ್ದನ್ನು
ನಾನು ಎಲ್ಲರಿಗಿಂತ ಕೊನೆಗೆ ನೋಡಿದೆ.
ಮೆಷಿನು ನಿಂತಿತ್ತು.
ಫ್ಯಾನಿನ ಸದ್ದು, ಕೆಳಗೆ ಯಾವುದೋ ಬಸ್ಸಿನ ಹಾರ್ನು.
ಡಾಕ್ಟರು ಎರಡೂ ಕೈ ಹಿಂದಕ್ಕೆ ತೆಗೆದು ಕಾಯುತ್ತಿದ್ದರು.
"ನೋವಾ?"
ಅಲ್ಲ ಎಂದು ತಲೆಯಾಡಿಸಿದೆ.
ನಿಲ್ಲುತ್ತದಾ ಅಂತ ನೋಡಿದ್ದು.

ಐರಿನ್ ಕಣ್ಣೊರೆಸಿದರು, ನೀರು ಬಂದದ್ದು ಗೊತ್ತಿರಲಿಲ್ಲ.
ಕೈ ಇಳಿಸಿದೆ.
ಹತ್ತಿ ತುಂಬಿದ ಬಾಯಲ್ಲೇ ಅಂದೆ,
ರೈಟ್ ಪೋಯಿ.