ಗೋಡೆಕಾಗದದ ಬೆನ್ನಿನಲ್ಲಿ

ಮರ ಬರೆದುಕೊಂಡು ಬನ್ನಿ ಅಂದರು ಡಾಕ್ಟರು,
ತೋರ್ಸ್‌ಹಾವ್ನ್ ಆಸ್ಪತ್ರೆಗೆ ಡೆನ್ಮಾರ್ಕಿನಿಂದ ಹೊಸದಾಗಿ ಬಂದ ಹುಡುಗಿ.
ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ,
ಎದೆ ನಿಂತು ಸತ್ತವರಿಗೆ ಕಪ್ಪು ತುಂಬಿ.
ರಕ್ತದ ಗೆರೆ ಸಾಕು, ಉಳಿದದ್ದು ಬೇಡ.

ನಮ್ಮ ದ್ವೀಪದಲ್ಲಿ ಮರವೇ ಇಲ್ಲ.
ಪಾದ್ರಿಯ ಅಂಗಳದಲ್ಲಿ ಒಂದಿತ್ತು, ಕಲ್ಲುಗೋಡೆಯ ಮರೆಯಲ್ಲಿ.
ಗೋಡೆ ಮೀರಿ ತಲೆಯೆತ್ತಿದ ವರ್ಷವೇ
ಗಾಳಿ ಅದನ್ನು ಕತ್ತರಿಸಿತು, ಕುರಿಯ ಉಣ್ಣೆ ಕತ್ತರಿಸಿದ ಹಾಗೆ.

ಅಡುಗೆಮನೆಯ ಮೇಜಿನ ಮೇಲೆ
ಮಿಕ್ಕ ಗೋಡೆಕಾಗದ ಹರಡಿದೆ, ಹೂವಿನ ಮುಖ ಕೆಳಗೆ.
ನಾಲ್ಕು ಮೂಲೆಗೆ ನಾಲ್ಕು ಭಾರ:
ಕಾಫಿಯ ಕೆಟಲ್, ಬೈಬಲ್ಲು, ಒಣಮಾಂಸದ ಚಾಕು, ಅಮ್ಮನ ಮೊಣಕೈ.

ಸುಲಭದ್ದು ಮೊದಲು. ಅಮ್ಮ, ಮರ್ಯುನ್: ಸೊನ್ನೆ.
ಅವಳ ಎಡಕ್ಕೆ ಯೋಗ್ವನ್, ಗ್ರೀನ್‌ಲ್ಯಾಂಡಿನ ನೀರಲ್ಲಿ
ಇಪ್ಪತ್ತಾರಕ್ಕೆ ಮುಳುಗಿದವನು.
ಖಾಲಿ ಚೌಕ. ಕಡಲು ಎದೆರೋಗವಲ್ಲ.
ಬಲಕ್ಕೆ ಅವನ ತಮ್ಮ ತುಮ್ಮಸ್,
ಅತ್ತಿಗೆಯನ್ನೂ ಅವಳ ಎರಡು ವರ್ಷದ ಕೂಸನ್ನೂ
ಅಣ್ಣನ ದೋಣಿಯನ್ನೂ ಒಂದೇ ಚಳಿಗಾಲದಲ್ಲಿ ವಹಿಸಿಕೊಂಡವನು.
ಕುರಿ ಹೊಡೆದು ತರುವ ದಿನ ಗುಡ್ಡದಲ್ಲಿ ಕೂತ,
ಏಳಲಿಲ್ಲ. ಕಪ್ಪು.
ಮೇಲೆ ಅವನ ತಾಯಿ; ಯೋಗ್ವನ್ನನ ತಾಯಿಯಲ್ಲ, ಎರಡನೆಯವಳು,
ಹುಲ್ಲು ಒಣಗಿಸುತ್ತ ಹಾಗೇ ಕೂತಳಂತೆ. ಕಪ್ಪು.
ಕೆಳಗೆ ನನ್ನ ಮಗ ಬಾರ್ದುರ್, ದೋಣಿಪಂದ್ಯದ ದಿನ
ಹುಟ್ಟು ಹಿಡಿದೇ ಕುಸಿದ, ಬದುಕಿದ್ದಾನೆ.
ಅರ್ಧ ಕಪ್ಪು ಅಂತ ಏನಾದರೂ ಉಂಟೋ ಕೇಳಬೇಕು.

ಎಡದ ಗೆರೆಗೆ ಹಾನಸ್, ಬಲದ ಗೆರೆಗೆ ನಾನು.
ಅವನಪ್ಪ ನನಗೆ ದೊಡ್ಡಪ್ಪ, ನನ್ನಪ್ಪ ಅವನಿಗೆ ಚಿಕ್ಕಪ್ಪ.
ಸಾಕಿದವನ ಹೆಸರಿನ ಆ 'ಚಿಕ್ಕ'ವನ್ನು
ಹಾನಸ್ ಎಂದೂ ಉದುರಿಸಲಿಲ್ಲ, ಹೆಣ ಹೊರುವಾಗಲೂ.
ಬುದ್ಧಿ ಬಂದಾಗಿನಿಂದ ಪ್ರತಿ ನವೆಂಬರಿಗೆ
ಬಂಡೆಯ ಮೇಲೆ ನಿಂತು ಇನ್ನೊಬ್ಬನಿಗೆ ದೀಪ ಹಚ್ಚುತ್ತಾನೆ,
ಗಾಳಿ ಆರಿಸುತ್ತದೆ, ಮತ್ತೆ ಹಚ್ಚುತ್ತಾನೆ.

ಆಮೇಲೆ ಗೋಜಲು. ಚಿಕ್ಕಮ್ಮ ಬಿಲ್ಲಾಳ ಮಗ ಎಯ್ದುನ್
ನಮ್ಮಮ್ಮನ ಹಾಲು ಕುಡಿದು ಬೆಳೆದ, ನನ್ನ ಪಾಲಿನ ಅರ್ಧ.
ಹಾಲಿಗೆ ಯಾವ ಗೆರೆ? ಚುಕ್ಕಿ ಚುಕ್ಕಿ ಹಾಕಿದೆ.
ರಕ್ತ ಮಾತ್ರ ಅಂದಿದ್ದಾರೆ. ಅಳಿಸಿದೆ.
ಅವನ ಹೆಂಡತಿಯೋ ಯೋಗ್ವನ್ನನ ಅಕ್ಕನ ಮಗಳು,
ಕೊಂಬೆ ಹಿಂದಕ್ಕೆ ಬಾಗಿ ತನ್ನ ಬುಡವನ್ನೇ ಮುಟ್ಟಿತು.
"ಎಳೆ ಬಿಚ್ಚುತ್ತ ಕೂರಬೇಡ," ಅಂದಳು ಅಮ್ಮ,
"ಸ್ವೆಟರು ಬೆಚ್ಚಗೇ ಇದೆ."

ಸರಿ, ಅಂದೆ. ಒಟ್ಟಿನಲ್ಲಿ ಹಾನಸ್‌ಗೆ ಭಯವಿಲ್ಲ,
ಆ ಅಜ್ಜಿಯ ಗೆರೆ ಅವನನ್ನು ಮುಟ್ಟುವುದಿಲ್ಲ.

ಗಡಿಯಾರ. ಕೆಟಲ್ಲಿನ ಉಸಿರು.
ಅಮ್ಮ ಮೊಣಕೈ ತೆಗೆದಳು,
ಆ ಮೂಲೆ ಸುರುಳಿಯಾಗಿ ಎದ್ದು ಬಂತು.
ಹಿಡಿ ಅಂದಳು. ಪೆನ್ಸಿಲು ಇಸಕೊಂಡಳು.
ಎಂಬತ್ತರ ಕೈ, ನಡುಗಲಿಲ್ಲ.
ಹಾನಸನಿಂದ ಬಲಕ್ಕೆ, ಕಪ್ಪು ಚೌಕದವರೆಗೆ
ಒಂದು ಗೆರೆ.
"ಆ ವರ್ಷ ಯೋಗ್ವನ್ ಹತ್ತು ತಿಂಗಳು ಹಡಗಿನಲ್ಲಿದ್ದ.
ಬಂದವನೇ ಮಗುವನ್ನು ಎತ್ತಿಕೊಂಡ. ಬೆರಳು ಮಡಚಲಿಲ್ಲ.
ಎಣಿಸಲು ಬರುತ್ತಿತ್ತು ಅವನಿಗೆ."

ಅರ್ಧ ಅಣ್ಣ ಪೂರ್ತಿಯಾದ, ಒಂದು ಗೇಣು ಸೀಸದಲ್ಲಿ.
ಖುಷಿಯಾಯಿತೇ? ಗೊತ್ತಿಲ್ಲ. ಮೂಲೆ ಹಿಡಿದಿದ್ದೆ.

ಬಾಗಿಲು. ಹಾನಸ್. ಒದ್ದೆ ಬೂಟು, ಉಣ್ಣೆಯ ವಾಸನೆ.
ಕಡಲ ನಕಾಶೆ ಓದಿ ಬದುಕಿದವನಿಗೆ
ಇದನ್ನು ಓದಲು ಎಷ್ಟು ಹೊತ್ತು?
ಹೊಸ ಗೆರೆಯ ಮೇಲೆ ಹೆಬ್ಬೆರಳಿಟ್ಟ, ಒರೆಸಲಿಲ್ಲ.
ಕಾಫಿ ಬಗ್ಗಿಸಿಕೊಂಡ, ಕುಡಿಯಲಿಲ್ಲ.

"ಅಪ್ಪ ಸತ್ತಾಗ," ಅಂದ, "ಎಷ್ಟು ವಯಸ್ಸು?"

ಯಾವ, ಎಂದು ಕೇಳಲು ಬಾಯಿ ತೆರೆದವಳು
ಹಾಗೇ ಮುಚ್ಚಿಕೊಂಡೆ.

"ಐವತ್ತೆಂಟು," ಅಂದಳು ಅಮ್ಮ.